ಅಂಟು ಬಿಟ್ಟಿರಲಿಲ್ಲ

ಮನೆಯಿಂದ,
ತಾರೀಖು ಹದಿನಾಲ್ಕು, ಶನಿವಾರ ಮಧ್ಯಾಹ್ನ

ಅಣ್ಣಾ,

ಯಾವಾಗಲೂ ‘ಪ್ರೀತಿಯ ಅಣ್ಣನಿಗೆ’ ಎಂದು ಶುರುಮಾಡುತ್ತಿದ್ದೆ. ಇವತ್ತೂ ಹಾಗೇ ಬರೆದೆ, ಹೊಡೆದು ಹಾಕಿದೆ, ಹೊಸ ಹಾಳೆ ತೆಗೆದುಕೊಂಡೆ. ಪ್ರೀತಿ ಎಲ್ಲಿಗೂ ಹೋಗಿಲ್ಲ, ಹೋಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಆದರೆ ಅದನ್ನು ಈಗ ನಿನ್ನ ಕೈಗೆ ಕೊಡುವ ಮನಸ್ಸಿಲ್ಲ.

ಹೇಗಿದ್ದೀಯ? ಬಲಗೈಯ ಸುಟ್ಟ ಗಾಯ ಒಣಗಿತೇ? ಮುಲಾಮು ಹಚ್ಚುತ್ತಿದ್ದೀಯೋ, ಇಲ್ಲ ತಾನಾಗಿಯೇ ವಾಸಿಯಾಗುತ್ತದೆ ಎಂದು ಬಿಟ್ಟಿದ್ದೀಯೋ? ಬಿಪಿ ಮಾತ್ರೆಯ ಡಬ್ಬಿಯನ್ನು ಕನ್ನಡಿಯ ಮುಂದೆ ಬಿಟ್ಟು ಹೋಗಿದ್ದೀಯ. ಇಸ್ತ್ರಿ ಮಾಡಿದ ಶರ್ಟು, ಶೇವಿಂಗ್ ಸೆಟ್ಟು, ಓದುವ ಕನ್ನಡಕ ಎಲ್ಲ ನೆನಪಿಟ್ಟು ತೆಗೆದುಕೊಂಡು ಹೋದವನಿಗೆ ಮಾತ್ರೆಯೊಂದು ಮರೆತುಹೋಯಿತು. ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು. ನನ್ನ ಮೇಲಿನ ಸಿಟ್ಟಿಗೆ ಅದನ್ನು ಬಿಡಬೇಡ. ಅಮ್ಮ ಆರೋಗ್ಯವಾಗಿದ್ದಾಳೆ ಎಂದು ಬರೆಯಬೇಕು, ಹಾಗೆಂದೇ ಬರೆದಿದ್ದೇನೆ ಅಂದುಕೋ. ಊಟಕ್ಕೆ ಕೂತಾಗ ಈಗಲೂ ನಿನ್ನ ತಟ್ಟೆ ತೆಗೆದಿಡುತ್ತಾಳೆ. ಆಮೇಲೆ ನನ್ನ ಮುಖ ನೋಡಿ ಅದನ್ನು ಸದ್ದಾಗದ ಹಾಗೆ ಮತ್ತೆ ಒಳಗೆ ಇಡುತ್ತಾಳೆ. ನಿನಗೆ ಮೆತ್ತಗಿನ ಹಾಸಿಗೆ ಆಗುವುದಿಲ್ಲ, ಯಾರ ಮನೆಯಲ್ಲಿ ಎಂಥ ಹಾಸಿಗೆ ಹಾಸಿದ್ದಾರೋ ಎಂದು ಅವಳ ಕೊರಗು. ಅವಳಿಗೆ ಗೊತ್ತಿರುವುದು ನಿನ್ನ ಬೆನ್ನಿನ ವಿಷಯ ಮಾತ್ರ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಎಲ್ಲ ಗೊತ್ತು ಅವಳಿಗೆ. ಹೇಳಿದ್ದು ನಾನೇ.

ನಿನ್ನ ಫೋನು ಆಫ್. ಎಲ್ಲಿಂದಲೋ, ಯಾವುದೋ ಅಂಗಡಿಯ ಫೋನಿನಿಂದ, ನಿನಗೆ ತೋಚಿದಾಗ ಅತ್ತಿಗೆಯ ಜೊತೆ ಮಾತ್ರ ಮಾತಾಡುತ್ತೀಯಂತೆ. ನೀನು ಹೋದ ಮರುದಿನವೇ ಅವರು ತಮ್ಮನ ಮನೆಗೆ ಹೋದರು. ಇವತ್ತು ಬಟ್ಟೆ ತೆಗೆದುಕೊಳ್ಳಲು ತಮ್ಮನ ಗಾಡಿಯಲ್ಲಿ ಬಂದಿದ್ದಾರೆ, ಒಳಗೆ ಅಮ್ಮನ ಹತ್ತಿರ ಕೂತಿದ್ದಾರೆ. ನೀನು ಎಲ್ಲಿದ್ದೀಯ ಎಂದು ಕೇಳಿದರೆ ತುಟಿ ಬಿಚ್ಚುವುದಿಲ್ಲ. ಕಡೆಗೆ ಒಂದು ಮಾತಿಗೆ ಒಪ್ಪಿದರು: ಅವರ ತಮ್ಮ ಇವತ್ತು ಸಂಜೆ ನಿನ್ನ ಹತ್ತಿರ ಬರುತ್ತಾನೆ, ಕಾಗದ ಕೊಟ್ಟರೆ ತಲುಪಿಸುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ನೀನು ತಲೆ ತಪ್ಪಿಸಿಕೊಂಡು ಕೂತ ಜಾಗದಲ್ಲಿ ನಿನಗೆ ಬೇಕಾದ ಹಾಗೆ ಕಥೆ ಕಟ್ಟಿಕೊಂಡಿರುತ್ತೀಯ ಎಂದು ನನಗೆ ಗೊತ್ತು. ಆದ್ದರಿಂದ ನಿನಗೆ ತಿಳಿದಿರುವುದನ್ನೂ ಮೊದಲಿನಿಂದಲೇ ಬರೆಯುತ್ತೇನೆ. ಪೂರ್ತಿ ಓದು. ನಡುವೆ ಮಡಿಸಿ ಜೇಬಿಗೆ ಹಾಕಬೇಡ.

ಹಾಲಿನ ಕಾರ್ಖಾನೆಯವರು ಬಿಸಿನೀರಿನ ಸಾಲಿಗೆ ನಮ್ಮ ಕಾರ್ಖಾನೆಯ ಕೊಳವೆ ಕೇಳಿದ್ದರು. ಗಾಜಿನ ನೂಲನ್ನು ರಾಳದಲ್ಲಿ ಅದ್ದಿ, ತಿರುಗುವ ಉರುಳೆಯ ಮೇಲೆ ಸುತ್ತಿ, ಕಾವು ಕೊಟ್ಟು ಗಟ್ಟಿಮಾಡುವ ಕೊಳವೆ. ತುಕ್ಕು ಹಿಡಿಯುವುದಿಲ್ಲ, ಭಾರವಿಲ್ಲ, ಆದರೆ ಕಬ್ಬಿಣದ ಹಾಗೆ ಬೆಸುಗೆ ಹಾಕಲು ಬರುವುದಿಲ್ಲ. ಎರಡು ಕೊಳವೆಗಳ ತುದಿಗೆ ಅಂಟು ಬಳಿದು, ಕಾಲರು ಎನ್ನುವ ದಪ್ಪ ಬಳೆಯಂಥ ತುಂಡಿನೊಳಗೆ ಎರಡೂ ಕಡೆಯಿಂದ ತೂರಿಸಿ ಕೂಡಿಸಬೇಕು. ಆ ಕೂಡಿಕೆ ಎಷ್ಟು ಎಳೆತ ತಡೆಯುತ್ತದೆ, ತಡೆಯದಿದ್ದರೆ ಎಲ್ಲಿಂದ ಹರಿಯುತ್ತದೆ ಎಂದು ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಅದನ್ನು ಕಲಿಯಲೆಂದೇ ನೀನು ಸ್ಕೂಟರು ಮಾರಿ ನನ್ನನ್ನು ಓದಿಸಿದ್ದು, ನಾಲ್ಕು ವರ್ಷ ಬಸ್ಸಿನಲ್ಲಿ ಜೋತಾಡಿಕೊಂಡು ಕೆಲಸಕ್ಕೆ ಹೋಗಿದ್ದು. ಮರೆತಿಲ್ಲ.

ಲೆಕ್ಕ ಮುಗಿಸಿ ನಾನು ಉತ್ಪಾದನಾ ಮುಖ್ಯಸ್ಥನಾದ ನಿನ್ನ ಮೇಜಿನ ಮೇಲೆ ಬಣ್ಣದ ಚಿತ್ರಗಳನ್ನು ಹರಡಿದ್ದು ನೆನಪಿದೆಯೇ? ಕಾಲರಿನೊಳಗಿನ ಅಂಟು ಉದ್ದಕ್ಕೂ ಒಂದೇ ಸಮ ಕೆಲಸ ಮಾಡುವುದಿಲ್ಲ. ನಡುವಿನ ಭಾಗ ನಮ್ಮ ಎರಡನೇ ಮಹಡಿಯ ಆಫೀಸಿನ ಹಾಗೆ. ಹಾಜರಿ ಇರುತ್ತದೆ, ಕೆಲಸ ಇರುವುದಿಲ್ಲ. ಎಳೆತವನ್ನೆಲ್ಲ ತಿನ್ನುವುದು ಎರಡು ತುದಿಗಳು, ಚಿತ್ರದಲ್ಲಿ ಕೆಂಪಗಿದ್ದದ್ದು ಅವೇ. ಅದರಲ್ಲೂ ಕಾಲರಿನ ತುಟಿ, ಅಂದರೆ ಅದರ ಅಂಚು, ದಪ್ಪಗೆ, ಚೌಕವಾಗಿ ಇದ್ದರೆ ಅಲ್ಲಿ ಕೊಳವೆ ಬಾಗುತ್ತದೆ, ಕಾಲರು ಬಾಗುವುದಿಲ್ಲ. ಗಾಯಕ್ಕೆ ಹಾಕಿದ ಪಟ್ಟಿಯನ್ನು ಅಂಚಿನಿಂದ ಎತ್ತಿ ಕಿತ್ತ ಹಾಗೆ ಕೊಳವೆಯ ಮೇಲ್ಪದರವನ್ನು ಅದು ಎತ್ತುತ್ತದೆ. ಹಾಗಾಗಿ ತುಟಿಯನ್ನು ಇಳಿಜಾರಾಗಿ ಸವೆಸಿ ತೆಳ್ಳಗೆ ಮಾಡಲೇಬೇಕು, ತಿರುವು ಇರುವ ಕಡೆಯಂತೂ ಬಿಡಲೇಬಾರದು ಎಂದೆ ನಾನು. ನೀನು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದೊಂದು ಕಾಲರನ್ನೂ ಲೇತಿಗೆ ಕಟ್ಟಿ ಸವೆಸುತ್ತ ಕೂತರೆ ಯಜಮಾನರು ಕೊಟ್ಟ ಗಡುವಿಗೆ ಮಾಲು ಹೋಗುವುದಿಲ್ಲ ಎಂದೆ. ಬದಲಿಗೆ ಕಾಲರನ್ನೇ ಉದ್ದ ಮಾಡಿಸುತ್ತೇನೆ, ಅಂಟು ಜಾಸ್ತಿ ಆದರೆ ಬಲವೂ ಜಾಸ್ತಿ ಆಗುತ್ತದಲ್ಲ ಎಂದೆ. ಆಗುವುದಿಲ್ಲ, ಉದ್ದ ಮಾಡಿದರೆ ಬೆಳೆಯುವುದು ಸುಮ್ಮನೆ ಕೂತಿರುವ ನಡುವಿನ ಭಾಗ, ತುದಿಯ ಕೆಂಪು ಅಷ್ಟೇ ಇರುತ್ತದೆ ಎಂದು ನಾನು ಇನ್ನೊಂದು ಚಿತ್ರ ತೋರಿಸಿದೆ. ನೀನು ನಕ್ಕು ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ್ದು ಇಷ್ಟು: “ನಿನ್ನ ಕೆಂಪು ಕಂಪ್ಯೂಟರಲ್ಲಿದೆ ಪುಟ್ಟಿ, ನನ್ನ ಕೊಳವೆ ಅಂಗಳದಲ್ಲಿದೆ.” ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕಂತೆ ಮಾಡಿ ಮೇಲೆ ಹೋದೆ. ಚೌಕ ತುಟಿಯ ಕಾಲರುಗಳು ಅಚ್ಚಿನಿಂದ ಬಂದು ಸಾಲಾಗಿ ಕೂತವು.

ಪರೀಕ್ಷೆಯ ದಿನ ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಅಂಗಳದಲ್ಲಿ ಕೊಳವೆ ಜೋಡಿಸಿ, ಬಿಸಿನೀರು ತುಂಬಿಸಿ, ಒತ್ತಡ ಏರಿಸುತ್ತಿದ್ದಿರಿ. ಯಾವ ಬಾಗಿಲಲ್ಲೂ ತಲೆ ತಗ್ಗಿಸದೆ ಒಳಗೆ ಬರಲಾಗದ ನಮ್ಮ ಉದ್ದಣ್ಣ ತಿರುವಿನ ಪಕ್ಕದ ಮಾಪಕದ ಹತ್ತಿರ ನಿಂತು, ಪ್ರತಿ ಸಲ ಮುಳ್ಳು ಏರಿದಾಗಲೂ ನಿನ್ನ ಕಡೆ ಹೆಬ್ಬೆರಳು ಎತ್ತುತ್ತಿದ್ದ. ಒಣ ಹಲಗೆ ಸೀಳಿದ ಹಾಗೆ ಸದ್ದಾಯಿತು. ತಿರುವಿನ ಕಾಲರು ಕೊಳವೆಯನ್ನು ಬಿಟ್ಟಿತ್ತು, ಕೊಳವೆ ಪಕ್ಕಕ್ಕೆ ಚಿಮ್ಮಿ ಉದ್ದಣ್ಣನ ಸೊಂಟಕ್ಕೆ ಬಡಿದಿತ್ತು, ಆಮೇಲೆ ಕಣ್ಣಿಗೆ ಬಿದ್ದದ್ದು ಹಬೆ ಮಾತ್ರ. ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ನೀನು ಹಬೆಯೊಳಗೆ ನುಗ್ಗಿ, ಸುಡುವ ನೀರಿಗೆ ಕೈಹಾಕಿ, ಅವನ ತೋಳು ಹಿಡಿದು ಆಚೆ ಎಳೆದು ತಂದಿದ್ದೆ. ಬೇರೆ ಯಾರೂ ಹತ್ತಿರ ಹೋಗಿರಲಿಲ್ಲ. ಇದನ್ನು ವಿಚಾರಣೆಯಲ್ಲಿ ನಾನೇ ಹೇಳಿದ್ದೇನೆ, ಯಾರೂ ಕೇಳದಿದ್ದರೂ ಹೇಳಿದ್ದೇನೆ. ಆ ಹೊತ್ತಿನಲ್ಲಿ ನಿನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತೋ, ಮುಂದಿನ ಹೊತ್ತಿನಲ್ಲಿ ಅಷ್ಟೇ ಅಸಹ್ಯವಾಯಿತು.

ಆಂಬುಲೆನ್ಸು ಗೇಟು ದಾಟಿತ್ತೋ ಇಲ್ಲವೋ, ಪೊಲೀಸಿನವರು ಬಂದರು. ಯಜಮಾನರು ನಿನ್ನನ್ನು ಕಾರಿನ ಹಿಂದಕ್ಕೆ ಕರೆದುಕೊಂಡು ಹೋಗಿ ಏನೋ ಮಾತಾಡಿದರು. ವಾಪಸು ಬಂದ ನೀನು, ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಪೊಲೀಸಿನವರಿಗೆ ನಮ್ಮೆಲ್ಲರ ಎದುರಿಗೇ ಹೇಳಿದೆ, “ಮೇಲ್ಮೈ ಸರಿಯಾಗಿ ಉಜ್ಜದೆ ಅಂಟು ಬಳಿದಿದ್ದಾಳೆ. ಅದಕ್ಕೇ ಬಿಟ್ಟಿದೆ.” ಯಾರು ಎಂದು ಅವರು ಕೇಳಿದಾಗ ನೀನು ಬೆರಳು ಮಾಡಿ ತೋರಿಸಿದ್ದು ಗೋಂದಕ್ಕನನ್ನು. ಅವಳಿಗೆ ಆ ಹೆಸರಿಟ್ಟವನು ನೀನು. ಎಲ್ಲಿಯೋ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದವಳನ್ನು ನಮ್ಮಲ್ಲಿಗೆ ಕರೆತಂದವನು ನೀನು. ಉಜ್ಜು, ಒರೆಸು, ಮತ್ತೆ ಕೈ ತಾಗಿಸಬೇಡ ಎಂದು ಅವಳಿಗೆ ಕಲಿಸಿದವನು ನೀನು. ಅವಳು ಕೂಡಿಸಿದ ಕೊಳವೆಯನ್ನು ಬಂದವರಿಗೆಲ್ಲ ತೋರಿಸಿ ಮೆರೆದವನೂ ನೀನು. ಅವಳು ಕೈಯ ಗ್ಲೌಸು ಬಿಚ್ಚುವುದನ್ನೂ ಮರೆತು ನಿನ್ನನ್ನೇ ನೋಡುತ್ತಿದ್ದಳು. ನೀನು ಮಾತ್ರ ಅವಳ ಕಡೆ ನೋಡಲಿಲ್ಲ. ಮರುದಿನ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ನೀನೂ ಇರಲಿಲ್ಲ, ನಿನ್ನ ಚೀಲವೂ ಇರಲಿಲ್ಲ. ಅಮ್ಮನಿಗೆ ಒಂದು ಮಾತು ಹೇಳಿ ಹೋಗಬೇಕು ಅನ್ನಿಸಲಿಲ್ಲವೇ?

ಗೋಂದಕ್ಕನನ್ನು ಕೆಲಸದಿಂದ ತೆಗೆದರು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಸರಿಯಾಗಿ ಪೊಲೀಸಿನವರು ಮನೆಗೆ ಬಂದು ಅವಳನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಸಂಜೆ ಬಿಟ್ಟರು, ಮತ್ತೆ ಕರೆದರು, ಮತ್ತೆ ಬಿಟ್ಟರು. ಜೊತೆಯಲ್ಲಿ ಊಟ ಮಾಡುತ್ತಿದ್ದ ಹೆಂಗಸರು ಅವಳನ್ನು ಬಸ್ಸಿನಲ್ಲಿ ಕಂಡರೆ ಕಿಟಕಿಯ ಆಚೆ ನೋಡಲು ಶುರುಮಾಡಿದರು. ಒಂದು ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಬಂದು ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ. ಅಮ್ಮ ಕೊಟ್ಟ ನೀರನ್ನೂ ಮುಟ್ಟಲಿಲ್ಲ. ನೀನು ಇಲ್ಲ ಎಂದರೆ ನಂಬಲಿಲ್ಲ. ನಾನು ಬಾಗಿಲು ಪೂರ್ತಿ ತೆಗೆದು ನಿನ್ನ ಕೋಣೆಯವರೆಗೂ ಕಾಣುವ ಹಾಗೆ ನಿಂತೆ. ಅವಳು ಕೂಗಾಡಲಿಲ್ಲ. “ಒಂದೇ ಮನೆಯವ್ರಲ್ವಾ ನೀವು? ನಿಮ್ಮ ಲೆಕ್ಕದಲ್ಲೂ ತಪ್ಪು ನಂದೇ ಅಂತ ಬರುತ್ತೆ ಬಿಡಿ,” ಅಂದು ಹೊರಟುಹೋದಳು. ನನಗೆ ಸಿಟ್ಟು ಬಂತು, ಅಣ್ಣಾ. ಅವಳ ಮೇಲಲ್ಲ. ನನ್ನ ಲೆಕ್ಕದ ಮೇಲೆ ಅಂಥ ಮಾತು ಬರುವ ಹಾಗೆ ಮಾಡಿದ ನಿನ್ನ ಮೇಲೆ.

ಬಾಗಿಲು ಹಾಕಿಕೊಂಡವಳು ನೇರ ಕಾರ್ಖಾನೆಗೆ ಹೋದೆ. ಯಾರ ತಪ್ಪು ಎಂದು ಹೇಳಬಲ್ಲದ್ದು ಕಿತ್ತುಹೋದ ಆ ಕೂಡಿಕೆ ಒಂದೇ. ಅಂಗಳದಲ್ಲಿ ಅದು ಇರಲಿಲ್ಲ. ಹಿಂದಿನ ಗುಜರಿ ಶೆಡ್ಡಿನಲ್ಲಿ ಇತ್ತು, ಪಕ್ಕದಲ್ಲೇ ಕತ್ತರಿಸುವ ಯಂತ್ರ ತಿರುಗುತ್ತಿತ್ತು. ಎಲ್ಲ ಚೂರು ಮಾಡಿ ಕಳಿಸಬೇಕು, ಯಜಮಾನರ ಹುಕುಮು ಎಂದ ಅಲ್ಲಿಯ ಸೂಪರ್‌ವೈಸರ್. ನಾನು ಹೋಗಿ ಕಾಲರಿನ ಮೇಲೆ ಕೂತುಬಿಟ್ಟೆ. ಏಳಿ ಮೇಡಂ ಎಂದ, ಏಳುವುದಿಲ್ಲ ಎಂದೆ. ನನ್ನನ್ನೂ ಸೇರಿಸಿ ಚೂರು ಮಾಡು, ರಾಳದ ಧೂಳಿಗಿಂತ ಹೆಚ್ಚೇನೂ ಹಾರುವುದಿಲ್ಲ ಎಂದೆ. ಅಲ್ಲಿಂದಲೇ ಕಾರ್ಖಾನೆಗಳ ತನಿಖಾಧಿಕಾರಿಗೆ ಫೋನ್ ಮಾಡಿದೆ. ಅವರು ನಾಳೆ ಬಂದು ಮೊಹರು ಹಾಕುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟದ ಹಾಗೆ ಇಡಿ ಎಂದರು. ಯಾರೂ ಮುಟ್ಟದ ಜಾಗ ಆ ಕಾರ್ಖಾನೆಯಲ್ಲಿ ಎಲ್ಲಿದೆ? ತರಕಾರಿ ಗಾಡಿಯೊಂದನ್ನು ಕರೆಸಿ, ಕೊಳವೆಯ ತುಂಡನ್ನೂ ಕಾಲರನ್ನೂ ಹೇರಿಸಿಕೊಂಡು ಮನೆಗೆ ತಂದೆ. ನಿನ್ನ ಮಂಚದ ಮೇಲೆ ಮಲಗಿಸಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು, ಹಳೆಯ ದುಪ್ಪಟಿ ತಂದು ಹೊದಿಸಿದಳು. ಮನೆಗೆ ಏನು ಬಂದರೂ ಹೊದಿಸಿ ಮಲಗಿಸುವುದೇ ಅವಳಿಗೆ ಗೊತ್ತು.

ಹೊದಿಕೆ ಸರಿಸಿ, ಕಿಟಕಿ ತೆಗೆದು, ಭೂತಗನ್ನಡಿ ಹಿಡಿದು ನೋಡಿದೆ. ನೀನೂ ನೋಡಿದ್ದೆಯೋ ಏನೋ. ಅವತ್ತು ಅಂಗಳದಲ್ಲಿ ಅದರ ಪಕ್ಕದಲ್ಲೇ ಬಗ್ಗಿ ನಿಂತಿದ್ದೆಯಲ್ಲ. ಉಜ್ಜದೆ, ಒರೆಸದೆ ಬಳಿದ ಅಂಟಾಗಿದ್ದರೆ ಸಿಪ್ಪೆಯ ಹಾಗೆ ನುಣ್ಣಗೆ ಎದ್ದು ಬರಬೇಕಿತ್ತು, ಕೆಳಗಿನ ಕೊಳವೆ ಕನ್ನಡಿಯ ಹಾಗೆ ಹೊಳೆಯಬೇಕಿತ್ತು. ಇಲ್ಲಿ ಕಾಲರಿನ ಒಳಗೆ ಅಂಟಿನ ಮೈತುಂಬ ಗಾಜಿನ ನಾರುಗಳು ಅಂಟಿಕೊಂಡಿದ್ದವು, ಹರಿದ ಬಟ್ಟೆಯ ಎಳೆಗಳ ಹಾಗೆ. ಅತ್ತ ಕೊಳವೆಯ ಮೈಯಲ್ಲಿ ಅದೇ ಆಕಾರದ ಗಾಯ. ಅಂಟು ಬಿಟ್ಟಿರಲಿಲ್ಲ, ಅಣ್ಣಾ. ಗೋಂದಕ್ಕನ ಅಂಟು ಕಡೆಯ ತನಕ ಹಿಡಿದುಕೊಂಡೇ ಇತ್ತು. ಕೊಳವೆಯ ಚರ್ಮವೇ ಸುಲಿದು ಬಂದಿತ್ತು. ಸುಲಿಯಲು ಶುರುವಾದದ್ದು ತಿರುವಿನ ಹೊರಬದಿಯಲ್ಲಿ, ಚೌಕ ತುಟಿಯ ಕೆಳಗೆ. ನನ್ನ ಚಿತ್ರವನ್ನು ತಂದು ಪಕ್ಕದಲ್ಲಿಟ್ಟೆ. ನೀನು ನಕ್ಕ ಆ ಕೆಂಪು ಎಲ್ಲಿತ್ತೋ ಗಾಯವೂ ಅಲ್ಲಿಂದಲೇ ಹೊರಟಿತ್ತು. ಗೆದ್ದೆ ಎಂದು ಖುಷಿಯಾಗಬೇಕಿತ್ತು. ನಿನ್ನ ಮಂಚದ ಅಂಚಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಮಾರನೆಯ ದಿನ ಅಧಿಕಾರಿ ಬಂದು ಮೊಹರು ಹಾಕಿ ಒಯ್ದರು.

ಅದಾದ ಮೇಲೆ ಯಜಮಾನರು ಕರೆಸಿದರು. ಕೂರಿಸಿದರು, ಕಾಫಿ ತರಿಸಿದರು. ವಿಶ್ಲೇಷಣೆಯ ವಿಭಾಗವನ್ನು ದೊಡ್ಡದು ಮಾಡಬೇಕೆಂದಿದ್ದಾರಂತೆ, ಅದಕ್ಕೆ ನಾನೇ ಮುಖ್ಯಸ್ಥೆಯಂತೆ. ನನ್ನ ವರದಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕಂತೆ, ಮೇಲ್ಮೈ ತಯಾರಿಯಲ್ಲಿ ಲೋಪ ಇದ್ದಿರಲೂಬಹುದು ಎಂದು. ಇತ್ತು ಎಂದಲ್ಲ, ಇದ್ದಿರಲೂಬಹುದು! ಎಷ್ಟು ನಾಜೂಕು ನೋಡು. ಸೇರಿಸುವುದಿಲ್ಲ ಎಂದಾಗ ಧ್ವನಿ ಇಳಿಸಿ ಕೇಳಿದರು, ಅಂಟು ಬಳಿಯುವವಳೊಬ್ಬಳಿಗಾಗಿ ಒಡಹುಟ್ಟಿದವನನ್ನು ಬೀದಿಗೆ ಹಾಕ್ತೀರಾ ಎಂದು. ನಿನ್ನನ್ನು ಬೀದಿಗೆ ಕಳಿಸಿದವರು ಅವರೇ. ಎಲ್ಲಿಗೆ ಕಳಿಸಿದ್ದೀರಿ ಎಂದು ಕೇಳಿದೆ. ಕಾಫಿ ಆರುತ್ತಿದೆ ಎಂದರು. ಎದ್ದು ಬಂದೆ. ಎರಡು ದಿನಕ್ಕೆ ನನ್ನ ಕೋಣೆಯ ಬೀಗ ಬದಲಾಗಿತ್ತು, ನನ್ನ ಟಿಫಿನ್ ಡಬ್ಬಿ, ಚಪ್ಪಲಿ, ಹೂಕುಂಡ ಕಾವಲುಗಾರರ ಕೋಣೆಯಲ್ಲಿದ್ದವು. ಆ ವಿಷಯಕ್ಕೆ ನೀನು ಕೊರಗಬೇಕಾಗಿಲ್ಲ. ಕೊರಗುವಂಥದ್ದು ಬೇರೆ ಬೇಕಾದಷ್ಟಿದೆ.

ಯಜಮಾನರ ಮಾತಿಗೆ ಉತ್ತರ ಕೊಟ್ಟೆ. ಅತ್ತಿಗೆಯ ಮಾತಿಗೆ ಕೊಡಲಾಗಲಿಲ್ಲ. ವಿಚಾರಣೆಯ ಹಿಂದಿನ ದಿನ ಬಂದು, ಅಡುಗೆಮನೆಯಲ್ಲಿ ನನ್ನ ಕೈಯ ಪಾತ್ರೆ ತೆಗೆದು ಪಕ್ಕಕ್ಕಿಟ್ಟು, “ಅವರೇ ನಿನ್ನ ಓದಿಸಿದ್ದು. ಆ ಓದನ್ನ ಅವರ ಮೇಲೇ ತಿರುಗಿಸ್ತೀಯಾ?” ಎಂದರು. ಈಗ ನಿನಗೆ ಬರೆಯುತ್ತೇನೆ, ನೀನೇ ಅವರಿಗೆ ಹೇಳು. ನೀನು ನನ್ನನ್ನು ಓದಿಸಿದ್ದು ಸರಿಯಾದ ಲೆಕ್ಕ ಮಾಡಲಿ ಎಂದು. ಕೇಳಿದವರಿಗೆ ಬೇಕಾದ ಉತ್ತರ ಬರೆದುಕೊಡಲು ಓದು ಯಾಕೆ ಬೇಕಿತ್ತು, ದುಂಡಗಿನ ಕೈಬರಹ ಇದ್ದರೆ ಸಾಕಿತ್ತು. ಆ ಸ್ಕೂಟರು ಇಟ್ಟುಕೊಂಡು ಆರಾಮಾಗಿ ಓಡಾಡಿಕೊಂಡಿರಬಹುದಿತ್ತು ನೀನು.

ವಿಚಾರಣೆ ಒಂದು ಸಣ್ಣ ಹಾಲಿನಲ್ಲಿ, ಉದ್ದ ಮೇಜಿನ ಸುತ್ತ. ತನಿಖಾಧಿಕಾರಿ, ಅವರ ಪಕ್ಕದಲ್ಲಿ ಕಾಲೇಜಿನ ಒಬ್ಬ ಪ್ರೊಫೆಸರು, ಇತ್ತ ಯಜಮಾನರು ಮತ್ತು ಅವರ ವಕೀಲರು, ಗೋಡೆಯ ಹತ್ತಿರದ ಕುರ್ಚಿಯಲ್ಲಿ ಗೋಂದಕ್ಕ. ನಿನ್ನ ಹೆಸರಿನ ಚೀಟಿ ಇಟ್ಟ ಕುರ್ಚಿಯೂ ಇತ್ತು, ಖಾಲಿ. ಮೇಜಿನ ನಡುವೆ ಕಾಲರು ಇಟ್ಟಿದ್ದರು. ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ತುಟಿ ಸವೆಸಬೇಕೆಂದು ಯಾರಿಗೆ ಹೇಳಿದ್ದಿರಿ ಎಂದು ಅಧಿಕಾರಿ ಕೇಳಿದರು. ‘ಉತ್ಪಾದನಾ ಮುಖ್ಯಸ್ಥರಿಗೆ’ ಎನ್ನಬೇಕೆಂದುಕೊಂಡಿದ್ದೆ, ಬಾಯಿಂದ ‘ನಮ್ಮ ಅಣ್ಣನಿಗೆ’ ಎಂದು ಬಂತು. ವಕೀಲರು ಅದನ್ನೇ ಹಿಡಿದುಕೊಂಡರು. ಮನೆಯಲ್ಲಿ ಆಸ್ತಿಯ ಜಗಳ ಇದೆಯೇ, ಅತ್ತಿಗೆ ಮನೆ ಬಿಟ್ಟದ್ದು ನಿಜವೇ, ಎಲ್ಲ ಕೆದಕಿದರು. ಕಡೆಗೆ, ಅಣ್ಣನ ಮೇಲೆ ನಿಮಗೆ ಕೋಪ ಇದೆಯೋ ಇಲ್ಲವೋ ಎಂದರು. “ತುಂಬಾ ಇದೆ,” ಎಂದೆ. “ಆದ್ರೆ ಈ ನಾರು ಕಿತ್ತು ಬಂದಿರೋದು ನನ್ನ ಕೋಪಕ್ಕಲ್ಲ.” ಪ್ರೊಫೆಸರು ಕಾಲರನ್ನು ತಮ್ಮ ಕಡೆ ತಿರುಗಿಸಿಕೊಂಡು ಬೆರಳಿನಿಂದ ನಾರುಗಳನ್ನು ಸವರಿ ನೋಡಿದರು. ಆಮೇಲೆ ವಕೀಲರು ನಿನ್ನ ವಿಷಯ ಎತ್ತಲಿಲ್ಲ.

ನಿನ್ನೆ ತೀರ್ಮಾನ ಬಂತು. ಅಂಟು ಹಾಕಿದವಳ ತಪ್ಪು ಏನೂ ಇಲ್ಲ, ತಪ್ಪು ಕೂಡಿಕೆಯ ವಿನ್ಯಾಸದ್ದು, ಎಚ್ಚರಿಸಿದ ಮೇಲೂ ಬದಲಿಸದವರದ್ದು. ಕೇಸು ಈಗ ಯಜಮಾನರ ಮೇಲೆ, ನಿನ್ನ ಮೇಲೆ. ಗೋಂದಕ್ಕನನ್ನು ವಾಪಸು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದೂ ಹೇಳಿದ್ದಾರೆ. ಹೊರಗೆ ಮೆಟ್ಟಿಲ ಹತ್ತಿರ ಅವಳಿಗಾಗಿ ಕಾದೆ. ಅವಳು ನನಗೆ ಕೃತಜ್ಞತೆ ಹೇಳಲಿಲ್ಲ, ನಾನು ನಿರೀಕ್ಷಿಸಿಯೂ ಇರಲಿಲ್ಲ. “ನಿಮ್ಮಣ್ಣ ಎಲ್ಲರೆದುರಿಗೆ ಬೆರಳು ತೋರಿಸಿದ್ರು. ಎಲ್ಲರೆದುರಿಗೇ ಬಂದು ಹೇಳ್ಬೇಕು. ಕಾಗದದಲ್ಲಿ ಬರೆದಿದ್ದನ್ನ ನಾನು ಬಸ್ಸಲ್ಲಿ ಯಾರಿಗೆ ಓದಿ ಹೇಳ್ಲಿ?” ಎಂದಳು. ಕೆಲಸಕ್ಕೆ ಹೋಗುತ್ತೀಯಾ ಎಂದು ಕೇಳಿದೆ. ನೀನು ಬಂದು ಹೇಳಿದ ಮೇಲೆ ಯೋಚನೆ ಮಾಡುತ್ತಾಳಂತೆ.

ಅಲ್ಲಿಂದ ಆಸ್ಪತ್ರೆಗೆ ಹೋದೆ. ಉದ್ದಣ್ಣನ ಸೊಂಟಕ್ಕೆ ಇನ್ನೊಂದು ಆಪರೇಷನ್ ಆಗಿದೆ. ಮಂಚ ಅವನಿಗೆ ಗಿಡ್ಡವಾಗಿ ಪಾದಗಳು ಆಚೆ ಇಳಿಬಿದ್ದಿವೆ, ಅವನ ಹೆಂಡತಿ ಸ್ಟೂಲು ಇಟ್ಟು ದಿಂಬು ಹಾಕಿದ್ದಾಳೆ. ನಡೆಯುತ್ತಾನೆ, ಆದರೆ ಮೊದಲಿನ ಹಾಗೆ ನೆಟ್ಟಗೆ ನಿಲ್ಲುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಇನ್ಮೇಲೆ ಬಾಗಿಲಿಗೆ ಬಗ್ಗೋದೇ ಬೇಡ ಬಿಡಿ ಎಂದು ನನ್ನನ್ನೇ ನಗಿಸಲು ನೋಡಿದ. ಆಮೇಲೆ ಕೇಳಿದ, “ಸಾರ್ ಕೈ ವಾಸಿ ಆಯ್ತಾ?” ಎಂದು. ನಿನ್ನ ಕೈ! ನೀನು ಒಂದು ದಿನ ಬಂದು ಅವನನ್ನು ನೋಡಿಲ್ಲ, ಅವನು ಕೇಳಿದ್ದು ನಿನ್ನ ಕೈಯ ವಿಷಯ. ಏನು ಹೇಳಲಿ ಅವನಿಗೆ? ಗೊತ್ತಿಲ್ಲ ಎಂದೆ. ಎಷ್ಟು ಜನರ ಒಳ್ಳೆಯತನದ ಮೇಲೆ ಕಾಲಿಟ್ಟು ದಾಟಿಕೊಂಡು ಹೋಗಿದ್ದೀಯ ನೀನು!

ಬಾ. ಹೆದರಿಕೆಯಾದರೆ ಹೆದರಿಕೊಂಡೇ ಬಾ. ವಕೀಲರನ್ನು ಹುಡುಕೋಣ, ಸ್ಟೇಷನ್ನಿಗೆ ನಾನೂ ಜೊತೆಗೆ ಬರುತ್ತೇನೆ. ನಿನ್ನನ್ನು ಬಿಟ್ಟುಕೊಡುತ್ತೇನೆ ಎಂದುಕೊಳ್ಳಬೇಡ, ನೀನು ಹೇಳಿದ ಸುಳ್ಳನ್ನು ಬಿಟ್ಟುಕೊಟ್ಟಿದ್ದೇನೆ ಅಷ್ಟೇ. ಇದನ್ನು ನನ್ನ ಕಣ್ಣೆದುರಿಗೆ ನಿಂತು ಒಪ್ಪಿಕೊಳ್ಳುವವರೆಗೆ ನನ್ನ ಸಿಟ್ಟು ಇಳಿಯುವುದಿಲ್ಲ. ಅಮ್ಮ ಒಳಗಿನಿಂದ ಕೂಗಿ ಹೇಳುತ್ತಿದ್ದಾಳೆ, ಅವಳ ಆಶೀರ್ವಾದ ಬರೆಯಬೇಕಂತೆ, ಹೊತ್ತುಹೊತ್ತಿಗೆ ಊಟ ಮಾಡಬೇಕಂತೆ. ಬರೆದಿದ್ದೇನೆ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ನಮ್ಮ ಕಾರ್ಖಾನೆಯ ಸ್ಟೋರಿನವರು ಬಂದರು. ಗೇಟಿನಲ್ಲೇ ನಿಂತು, ಎರಡು ಮಾತು ಹೇಳಿ ಹೋದರು. ಚೌಕ ತುಟಿಯ ಕಾಲರುಗಳಲ್ಲಿ ಒಂದು ಪಾಲು ಪರೀಕ್ಷೆಗೆ ಮೊದಲೇ ಬೇರೆ ಕಡೆ ಹೋಗಿವೆಯಂತೆ. ನೀನೇ ನಿಂತು ಲಾರಿಗೆ ಹೇರಿಸಿದೆಯಂತೆ. ಯಾವುದೋ ಆಸ್ಪತ್ರೆಯ ಬಿಸಿನೀರಿನ ಸಾಲು, ವಾರ್ಡುಗಳ ಚಾವಣಿಯ ಕೆಳಗೇ ಹಾದುಹೋಗುತ್ತದಂತೆ. ಯಾವ ಊರು, ಯಾವ ಆಸ್ಪತ್ರೆ, ಅವರಿಗೆ ಗೊತ್ತಿಲ್ಲ. ಬೇರೆಲ್ಲೂ ಕಳಿಸಿಲ್ಲ ಎಂದು ಯಜಮಾನರು ವಿಚಾರಣೆಯಲ್ಲಿ ಹೇಳಿದ್ದಾರೆ, ಈಗ ಫೋನು ತೆಗೆಯುತ್ತಿಲ್ಲ. ಅಧಿಕಾರಿಗೆ ತಿಳಿಸಿದೆ. ಅವರು ಹುಡುಕಿಸುತ್ತಾರೆ, ಆದರೆ ಹುಡುಕಲು ದಿನಗಳು ಬೇಕು, ಹೇಳಲು ನಿನಗೆ ಒಂದು ಮಾತು ಸಾಕು. ಅತ್ತಿಗೆಗೂ ಹೇಳಿದೆ. ಕೇಳಿದವರೇ ಎದ್ದು, ಸಂಜೆಯವರೆಗೆ ಕಾಯಬೇಡ, ಈಗಲೇ ಹೊರಡು ಎಂದು ತಮ್ಮನಿಗೆ ಹೇಳಿದರು. ಅವನು ಗಾಡಿ ಶುರುಮಾಡಿಕೊಂಡು ನಿಂತಿದ್ದಾನೆ. ಮೇಲೆ ಬರೆದ ಒಂದಕ್ಕೂ ಉತ್ತರ ಕೊಡಬೇಡ. ಮುಂದೆ ಬರುವುದು ಬಿಡುವುದು ಆಮೇಲೆ ನೋಡೋಣ. ಅವನ ಫೋನು ಇಸಿದುಕೊಂಡು ಆಸ್ಪತ್ರೆಯ ಹೆಸರು ಹೇಳು. ಅಲ್ಲಿ ಮಲಗಿರುವವರು ಎದ್ದು ಓಡುವ ಸ್ಥಿತಿಯಲ್ಲಿಲ್ಲ, ಅಣ್ಣಾ.